ಹದಿನಾರು ಕಿರಣದ ನಕ್ಷತ್ರ ಯಾರದು?

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯಲ್ಲಿ ಲೆ ಬೋ ಅಂತ ಒಂದು ಹಳ್ಳಿ ಇದೆ. ಪೂರ್ತಿ ಹೆಸರು ಲೆ ಬೋ ದ ಪ್ರೊವಾನ್ಸ್. ಆರ್ಲ್, ಅವಿನ್ಯೋನ್ ಪಟ್ಟಣಗಳಿಂದ ತೀರಾ ದೂರವೇನಲ್ಲ. ಆಲ್ಪೀಯ್ ಎಂಬ ಕುರುಚಲು ಗುಡ್ಡಗಳ ಸಾಲಿನಲ್ಲಿ, ಬಿಳಿ ಸುಣ್ಣಕಲ್ಲಿನ ದೊಡ್ಡ ಬಂಡೆಯ ನೆತ್ತಿಯ ಮೇಲೆ ಕೂತಿದೆ. ಇಡೀ ಪಂಚಾಯತಿ ಲೆಕ್ಕ ಹಾಕಿದರೂ ಜನ ನಾನೂರು ದಾಟುವುದಿಲ್ಲ. ಅವರಲ್ಲೂ ಹೆಚ್ಚಿನವರು ಕೆಳಗಿನ ಕಣಿವೆಯಲ್ಲಿದ್ದಾರೆ. ಬಂಡೆಯ ಮೇಲಿನ ಹಳೇ ಬೀದಿಗಳಲ್ಲಿ ವರ್ಷಪೂರ್ತಿ ದೀಪ ಹಚ್ಚುವ ಮನೆಗಳು ಬಹಳ ಕಡಿಮೆ. ಬೇಸಿಗೆಯಲ್ಲಿ ಮಾತ್ರ ಪ್ರವಾಸಿಗರ ಜಾತ್ರೆ.

ಈ ಊರಿಗೊಂದು ಲಾಂಛನ ಇದೆ. ಕೆಂಪು ಗುರಾಣಿ, ಅದರ ನಡುವೆ ಬೆಳ್ಳಿ ಬಣ್ಣದ ಒಂದು ನಕ್ಷತ್ರ. ನಕ್ಷತ್ರಕ್ಕೆ ಹದಿನಾರು ಕಿರಣ. ಅಷ್ಟೇ. ಸಿಂಹ ಇಲ್ಲ, ಹದ್ದು ಇಲ್ಲ, ಕೋಟೆ ಇಲ್ಲ, ಗೋಧಿ ತೆನೆ ಇಲ್ಲ. ಫ್ರಾನ್ಸಿನ ಹಳ್ಳಿಗಳ ಲಾಂಛನಗಳನ್ನು ನೋಡುವುದು ನನಗೆ ಬಹಳ ಇಷ್ಟದ ಕೆಲಸ. ಅಲ್ಲಿ ಸಾವಿರಾರು ಊರುಗಳಿಗೆ ಲಾಂಛನ ಇದೆ. ಒಂದು ಗುರಾಣಿಯಲ್ಲಿ ನದಿ, ಸೇತುವೆ, ದ್ರಾಕ್ಷಿ ಗೊಂಚಲು, ಊರ ಸಂತನ ಕೋಲು ಎಲ್ಲವನ್ನೂ ತುರುಕಿದ ಉದಾಹರಣೆಗಳು ಬೇಕಾದಷ್ಟು ಸಿಗುತ್ತವೆ. ಅವುಗಳ ನಡುವೆ ಲೆ ಬೋ ನಕ್ಷತ್ರ ಒಂಟಿಯಾಗಿ ಹೊಳೆಯುತ್ತದೆ. ಅದರ ಹಿಂದಿನ ಕಥೆ ಗೊತ್ತಾದ ಮೇಲಂತೂ ನನಗೆ ಅದನ್ನು ಬಿಡಲು ಆಗಿಲ್ಲ. ಯಾಕೆಂದರೆ ಅದು ಶುರುವಾಗಿದ್ದು ಒಂದು ಸುಳ್ಳಿನಿಂದ, ಅದೂ ಬಹಳ ದೊಡ್ಡ ಸುಳ್ಳಿನಿಂದ.

ಮೊದಲು ಲಾಂಛನದ ವ್ಯಾಕರಣ ಸ್ವಲ್ಪ ಹೇಳಬೇಕು. ಯುರೋಪಿನಲ್ಲಿ ಈ ಪದ್ಧತಿ ಬೆಳೆದದ್ದು 12ನೇ ಶತಮಾನದಲ್ಲಿ. ಯುದ್ಧದಲ್ಲಿ ಮುಖ ಮುಚ್ಚುವ ಶಿರಸ್ತ್ರಾಣ ಹಾಕಿಕೊಂಡವರಲ್ಲಿ ನಮ್ಮವನು ಯಾರು, ಎದುರಾಳಿ ಯಾರು ಅಂತ ತಿಳಿಯಬೇಕಿತ್ತು. ಗುರಾಣಿಯ ಮೇಲೆ ಬಣ್ಣದ ಗುರುತು ಬಂತು. ಬಣ್ಣಗಳಿಗೆ ಒಂದು ಕಟ್ಟುನಿಟ್ಟಾದ ನಿಯಮ ಇದೆ. ಚಿನ್ನ ಮತ್ತು ಬೆಳ್ಳಿ, ಅಂದರೆ ಹಳದಿ ಮತ್ತು ಬಿಳಿ, ಲೋಹದ ಗುಂಪು. ಕೆಂಪು, ನೀಲಿ, ಹಸಿರು, ಕಪ್ಪು ಇತ್ಯಾದಿ ಬಣ್ಣದ ಗುಂಪು. ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು. ನಮ್ಮ ಹೆದ್ದಾರಿಯ ಹಸಿರು ಬೋರ್ಡಿನ ಮೇಲೆ ಬಿಳಿ ಅಕ್ಷರ ಬರೆಯುತ್ತಾರಲ್ಲ, ಅದೇ ಲೆಕ್ಕ, ದೂರದಿಂದ ಕಾಣಬೇಕು. ಕೆಂಪಿನ ಮೇಲೆ ಬೆಳ್ಳಿ ಈ ನಿಯಮದ ಅತ್ಯಂತ ಸರಳ, ಅತ್ಯಂತ ಗಟ್ಟಿ ರೂಪಗಳಲ್ಲಿ ಒಂದು.

ನಕ್ಷತ್ರಕ್ಕೂ ರೂಢಿ ಇದೆ. ಫ್ರೆಂಚ್ ಲಾಂಛನಗಳಲ್ಲಿ ಸುಮ್ನೆ ನಕ್ಷತ್ರ ಅಂದರೆ ಐದು ಮೊನೆ. ಅದಕ್ಕಿಂತ ಜಾಸ್ತಿ ಇದ್ದರೆ ಎಷ್ಟು ಅಂತ ಎಣಿಸಿ ಹೇಳಬೇಕು. ಹದಿನಾರು ಅನ್ನುವುದು ತುಂಬಾ ಹೆಚ್ಚಾಯಿತು. ಅಷ್ಟು ಕಿರಣ ಬಿಡಿಸಿದಾಗ ಅದು ಬರೀ ಗುರುತಾಗಿ ಉಳಿಯುವುದಿಲ್ಲ, ಬೆಳಕು ಸಿಡಿದ ಹಾಗೆ ಕಾಣುತ್ತದೆ. ಕೆಲವು ಹಳೆಯ ವಿವರಣೆಗಳು ಇದನ್ನು ನಕ್ಷತ್ರ ಅನ್ನುವುದೂ ಇಲ್ಲ, ಧೂಮಕೇತು ಅನ್ನುತ್ತವೆ. ಅಂದರೆ ಇದು ಆಕಾಶದಲ್ಲಿ ತನ್ನ ಪಾಡಿಗೆ ಇರುವ ನಕ್ಷತ್ರವಲ್ಲ, ಎಲ್ಲಿಗೋ ಹೊರಟ ನಕ್ಷತ್ರ. ಬೇತ್ಲೆಹೇಮಿನ ನಕ್ಷತ್ರ.

ಈ ನಕ್ಷತ್ರ ಮೊದಲು ಊರಿನದಾಗಿರಲಿಲ್ಲ. ಅದು ಊರನ್ನು ಆಳುತ್ತಿದ್ದ ಪಾಳೆಯಗಾರರದು. ಬೋ ಮನೆತನದವರು. ದಾಖಲೆಗಳಲ್ಲಿ ಈ ವಂಶ ಕಾಣಿಸಿಕೊಳ್ಳುವುದು 10, 11ನೇ ಶತಮಾನದ ಹೊತ್ತಿಗೆ. ಆದರೆ ಅವರಿಗೆ ಆ ಹಿನ್ನೆಲೆ ಸಾಲಲಿಲ್ಲ. ತಾವು ಬಾಲ್ತಜಾರನ ವಂಶದವರು ಅಂತ ಹೇಳಿಕೊಂಡರು. ಯೇಸು ಹುಟ್ಟಿದಾಗ ನಕ್ಷತ್ರವನ್ನು ಹಿಂಬಾಲಿಸಿ ಬಂದ ಮೂವರು ರಾಜರಲ್ಲಿ ಒಬ್ಬನಾದ ಬಾಲ್ತಜಾರ. ಶಿಶುವನ್ನು ಕಂಡ ಮೇಲೆ ಅವನು ಪ್ರೊವಾನ್ಸ್ ಕಡೆಗೆ ಬಂದನಂತೆ, ಇದೇ ಬಂಡೆಯ ಮೇಲೆ ನೆಲೆ ನಿಂತನಂತೆ. ಯುದ್ಧಕ್ಕೆ ನುಗ್ಗುವಾಗ ಈ ಮನೆತನದ ಸೈನಿಕರು ಕೂಗುತ್ತಿದ್ದ ಘೋಷವೂ ಅವನ ಹೆಸರಿನದೇ, 'ಅ ಲಜಾರ್, ಬಾಲ್ತಜಾರ್'. ಬಂದದ್ದು ಬರಲಿ, ಬಾಲ್ತಜಾರಾ! ಅನ್ನುವಂಥ ಕೂಗು.

ಈಗ ಬೈಬಲ್ ತೆಗೆದು ನೋಡಿ. ಮತ್ತಾಯನ ಸುವಾರ್ತೆಯಲ್ಲಿ ಈ ಪ್ರಸಂಗ ಬರುತ್ತದೆ. ಅಲ್ಲಿ ರಾಜರು ಅಂತಲೇ ಇಲ್ಲ. ಕನ್ನಡ ಬೈಬಲಿನಲ್ಲಿ ಮೂಡಣ ದೇಶದ ಜೋಯಿಸರು ಅಂತ ಇದೆ. ಎಷ್ಟು ಜನ ಅಂತಲೂ ಇಲ್ಲ. ಚಿನ್ನ, ಧೂಪ, ರಕ್ತಬೋಳ ಅಂತ ಮೂರು ಕಾಣಿಕೆ ಕೊಟ್ಟದ್ದರಿಂದ ಮೂವರಿರಬೇಕು ಅಂತ ಆಮೇಲಿನವರು ಲೆಕ್ಕ ಹಾಕಿದರು. ಹೆಸರುಗಳಂತೂ ಶತಮಾನಗಳು ಕಳೆದ ಮೇಲೆ ಬಂದವು. ಅವರನ್ನು ರಾಜರನ್ನಾಗಿ ಮಾಡಿದ್ದೂ ಆಮೇಲಿನ ಭಕ್ತಿಯೇ. ಅಂದರೆ ಹೆಸರೇ ಇಲ್ಲದಿದ್ದ ಒಬ್ಬ ಜೋಯಿಸನಿಗೆ ಹೆಸರು ಬಂತು, ಕಿರೀಟ ಬಂತು, ಕೊನೆಗೆ ಪ್ರೊವಾನ್ಸಿನಲ್ಲಿ ಮೊಮ್ಮಕ್ಕಳೂ ಬಂದರು.

ಆದರೆ ಇದನ್ನು ಬರೀ ಹುಚ್ಚು ಕಲ್ಪನೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಕಾಲ ಎಂಥದ್ದು ಅಂತ ನೋಡಬೇಕು. ಬೋ ಮನೆತನ 12ನೇ ಶತಮಾನದ ನಡುವೆ ಇಡೀ ಪ್ರೊವಾನ್ಸ್ ತಮಗೆ ಸೇರಬೇಕು ಅಂತ ಬಾರ್ಸಿಲೋನದ ಕೌಂಟ್‌ಗಳ ಜೊತೆ ಯುದ್ಧಕ್ಕೆ ಇಳಿಯಿತು. ಕಾರಣ ಆಸ್ತಿಯ ಜಗಳ. ಪ್ರೊವಾನ್ಸಿನ ಹಕ್ಕಿದ್ದ ಇಬ್ಬರು ಅಕ್ಕತಂಗಿಯರಲ್ಲಿ ಡೂಸ್ ಬಾರ್ಸಿಲೋನದ ಕೌಂಟ್‌ನನ್ನು ಮದುವೆಯಾಗಿದ್ದಳು, ಸ್ಟೆಫನಿ ಬೋ ಮನೆತನದ ರೇಮೊನನನ್ನು. ಹೆಂಡತಿಯ ಪಾಲಿಗಾಗಿ ಗಂಡ ಕತ್ತಿ ಎತ್ತಿದ. 1144ರಲ್ಲಿ ಶುರುವಾದ ಆ ಕಾಳಗಗಳು 1162ರ ಹೊತ್ತಿಗೆ ಮುಗಿದವು, ಬೋ ಸೋತಿತು. ಸರಿಯಾಗಿ ಎರಡು ವರ್ಷದ ಮೇಲೆ, 1164ರಲ್ಲಿ, ಮೂವರು ರಾಜರವು ಅಂತ ನಂಬಲಾದ ಮೂಳೆಗಳನ್ನು ಚಕ್ರವರ್ತಿ ಫ್ರೆಡ್ರಿಕ್ ಬಾರ್ಬರೋಸನ ಕಡೆಯವರು ಮಿಲಾನಿನಿಂದ ಜರ್ಮನಿಯ ಕೊಲೋನಿಗೆ ಸಾಗಿಸಿದರು. ಯುರೋಪಿನ ಮೂಲೆಮೂಲೆಯಿಂದ ಯಾತ್ರಿಕರು ಅಲ್ಲಿಗೆ ಹರಿದರು. ಗುರಾಣಿಗಳ ಮೇಲೆ ಗುರುತುಗಳು ಗಟ್ಟಿಯಾಗುತ್ತಿದ್ದ ಕಾಲವೂ ಅದೇ, ಮೂವರು ರಾಜರ ಹೆಸರು ಎಲ್ಲರ ಬಾಯಲ್ಲಿ ಓಡಾಡಿದ ಕಾಲವೂ ಅದೇ.

ಒಂದು ಸಂಸ್ಥಾನ ಕೈತಪ್ಪಿದ ಮನೆತನಕ್ಕೆ ಏನು ಬೇಕಿತ್ತು? ಕೌಂಟ್‌ಗಿಂತ ದೊಡ್ಡ ಮೂಲ. ಕೌಂಟ್‌ನ ಅಧಿಕಾರ ಚಕ್ರವರ್ತಿ ಕೊಟ್ಟದ್ದು. ಬಾಲ್ತಜಾರನ ಮರ್ಯಾದೆ ನೇರವಾಗಿ ದೇವರ ತೊಟ್ಟಿಲಿನಿಂದ ಬಂದದ್ದು. ಇದು ನನ್ನ ಊಹೆ, ಆದರೆ ಆ ನಕ್ಷತ್ರವನ್ನು ನೋಡಿದಾಗೆಲ್ಲ ನನಗೆ ಅದರೊಳಗೆ ಸೋತವರ ಹಟ ಕಾಣುತ್ತದೆ. ನೀವು ನಮ್ಮ ನೆಲ ಕಿತ್ತುಕೊಳ್ಳಬಹುದು, ನಮ್ಮ ಅಜ್ಜನನ್ನು ಕಿತ್ತುಕೊಳ್ಳಲು ಆಗುವುದಿಲ್ಲ ಅನ್ನುವ ಹಟ. ಸೋತ ಮೇಲೂ ಅವರೇನು ಸಣ್ಣವರಾಗಲಿಲ್ಲ. 79 ಊರುಗಳು ಅವರ ಕೈಕೆಳಗಿದ್ದವು ಅಂತ ಪ್ರೊವಾನ್ಸಿನಲ್ಲಿ ಇವತ್ತಿಗೂ ಹೇಳುತ್ತಾರೆ.

ನಕ್ಷತ್ರ ಬಂಡೆ ಬಿಟ್ಟು ದೂರದೂರಕ್ಕೂ ಹೋಯಿತು. 1266ರಲ್ಲಿ ಆಂಜೂ ಮನೆತನದ ಶಾರ್ಲ್ ದಕ್ಷಿಣ ಇಟಲಿಯ ರಾಜ್ಯ ಗೆದ್ದಾಗ ಬೋ ಮನೆತನದವರೂ ಜೊತೆಗೆ ಹೋದರು. ಅಲ್ಲಿ ಅವರ ಹೆಸರು ದೆಲ್ ಬಾಲ್ಟ್ಸೊ ಆಯಿತು, ಆಂಡ್ರಿಯದ ಡ್ಯೂಕ್‌ಗಳಾದರು. ಇಟಲಿಯ ಹಿಮ್ಮಡಿಯ ಹತ್ತಿರ ಗಲಾತೀನ ಪಟ್ಟಣದಲ್ಲಿ ಗೋಡೆ ತುಂಬಾ ಚಿತ್ರಗಳಿರುವ ಒಂದು ಅದ್ಭುತ ಚರ್ಚ್ ಇದೆ, ಸಂತ ಕ್ಯಾಥರೀನಳದು. ಅದನ್ನು 14ನೇ ಶತಮಾನದ ಕೊನೆಗೆ ಕಟ್ಟಿಸಲು ಹೊರಟವನು ಈ ಹೆಸರನ್ನೇ ಹೊತ್ತ ರೈಮೊಂದೊ ಒರ್ಸೀನಿ ದೆಲ್ ಬಾಲ್ಟ್ಸೊ. ಇನ್ನೊಂದು ಕವಲು ಪ್ರೊವಾನ್ಸಿನ ಪಕ್ಕದಲ್ಲೇ ಇರುವ ಒರಾಂಜ್ ಪಟ್ಟಣದ ರಾಜಕುಮಾರರಾಗಿ ಕೂತಿತು. ಆ ಪಟ್ಟ ಮದುವೆಗಳ ಮೂಲಕ ಕೈ ಬದಲಾಯಿಸುತ್ತಾ 1530ರಲ್ಲಿ ನಸ್ಸೌ ಮನೆತನಕ್ಕೆ ಹೋಯಿತು. ನೆದರ್ಲೆಂಡ್ಸಿನ ರಾಜಮನೆತನ ಇವತ್ತಿಗೂ ಆರೆಂಜ್ ಹೆಸರನ್ನು ಇಟ್ಟುಕೊಂಡಿರುವುದು, ಅವರ ಫುಟ್‌ಬಾಲ್ ತಂಡ ಕಿತ್ತಳೆ ಬಣ್ಣ ಹಾಕಿಕೊಂಡು ಆಡುವುದು ಇದೇ ದಾರಿಯಿಂದ. ಇಷ್ಟು ಚಿಕ್ಕ ಬಂಡೆಯಿಂದ ಎಷ್ಟು ದೂರ, ಅಲ್ವಾ?

ಬಂಡೆಯ ಮೇಲೆ ಮಾತ್ರ ಕಥೆ ಕತ್ತಲಾಗುತ್ತಾ ಬಂತು. 14ನೇ ಶತಮಾನದ ಕೊನೆಗೆ ಮನೆತನದಲ್ಲಿ ಉಳಿದದ್ದು ಆಲಿಕ್ಸ್ ಎಂಬ ಹುಡುಗಿ. ಅವಳ ಪೋಷಕನಾಗಿ ಬಂದವನು ಸೋದರಮಾವ ರೇಮೊನ್ ದ ತ್ಯುರೆನ್. ಅವನನ್ನು ಪ್ರೊವಾನ್ಸಿನ ಪಿಡುಗು ಅಂತ ಕರೆದರು. ಸುತ್ತಲಿನ ಊರುಗಳನ್ನು ಕೊಳ್ಳೆ ಹೊಡೆದ. ಒತ್ತೆಹಣ ಕೊಡಲಾಗದ ಸೆರೆಯಾಳುಗಳನ್ನು ಕೋಟೆಯ ಗೋಡೆಯ ಮೇಲಿಂದ ಪ್ರಪಾತಕ್ಕೆ ಹಾರಲು ಹಚ್ಚುತ್ತಿದ್ದ, ಅವರ ಗೋಳಾಟ ನೋಡಿ ನಗುತ್ತಿದ್ದ ಅಂತ ಕಥೆಗಳು ಹೇಳುತ್ತವೆ. ಈ ಭಾಗ ಓದುವಾಗ ನನಗೆ ಆ ಲಾಂಛನದ ಮೇಲೆ ಸಿಟ್ಟೇ ಬರುತ್ತದೆ. ಬಾಲ್ತಜಾರನನ್ನು ಲೋಕ ನೆನಪಿಟ್ಟುಕೊಂಡಿರುವುದು ಅವನ ಸೈನ್ಯಕ್ಕಲ್ಲ, ಕಿರೀಟಕ್ಕೂ ಅಲ್ಲ. ಒಂದು ಬಡ ಕೂಸಿನ ಮುಂದೆ ಮಂಡಿಯೂರಿದ್ದಕ್ಕೆ. ಆ ಕೋಟೆಯವರು ಅವನ ಹೆಸರು ಇಟ್ಟುಕೊಂಡರು, ಅವನ ನಕ್ಷತ್ರ ಇಟ್ಟುಕೊಂಡರು. ಮಂಡಿಯೂರಿದ್ದನ್ನು ಮಾತ್ರ ಮರೆತರು.

ಆಲಿಕ್ಸ್ 1426ರಲ್ಲಿ ಕೋಟೆಯೊಳಗೇ ತೀರಿಕೊಂಡಳು. ಅವಳೊಂದಿಗೆ ಬಂಡೆಯ ಮೇಲಿನ ವಂಶ ಮುಗಿಯಿತು. ಅವಳು ಸಾಯುವ ಗಳಿಗೆಯಲ್ಲಿ ಒಂದು ನಕ್ಷತ್ರ ಆಕಾಶದಿಂದ ಇಳಿದು ಬಂದು ಅವಳ ಕೋಣೆಯಲ್ಲಿ ನಿಂತು, ಉಸಿರು ನಿಂತಾಗ ಆರಿಹೋಯಿತು ಅನ್ನುವ ಐತಿಹ್ಯ ಇದೆ. ಮತ್ತಾಯನ ಸುವಾರ್ತೆಯಲ್ಲಿ ನಕ್ಷತ್ರ ಮುಂದೆ ಮುಂದೆ ನಡೆದು, ಕೂಸಿದ್ದ ಜಾಗದ ಮೇಲೆ ಬಂದು ನಿಲ್ಲುತ್ತದೆ. ಇಲ್ಲಿ ಅದೇ ನಕ್ಷತ್ರ ಒಬ್ಬಳ ಸಾವಿನ ಮೇಲೆ ಬಂದು ನಿಂತಿದೆ. ಈ ಕಥೆ ಕಟ್ಟಿದವರು ಯಾರೇ ಇರಲಿ, ಸುವಾರ್ತೆಯನ್ನೂ ಗುರಾಣಿಯನ್ನೂ ಚೆನ್ನಾಗಿ ಬಲ್ಲವರು.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಪ್ರೊವಾನ್ಸ್ 1481ರಲ್ಲಿ ಫ್ರಾನ್ಸಿನ ರಾಜನ ಕೈಗೆ ಬಂತು. 16ನೇ ಶತಮಾನದಲ್ಲಿ ಊರು ಮತ್ತೆ ಚಿಗುರಿತು, ಸುಂದರವಾದ ಕಲ್ಲಿನ ಮನೆಗಳು ಎದ್ದವು, ಪ್ರೊಟೆಸ್ಟೆಂಟರು ನೆಲೆಸಿದರು. ಒಂದು ಪಾಳುಗೋಡೆಯ ಕಿಟಕಿಯ ಮೇಲೆ 1571ರಲ್ಲಿ ಕೆತ್ತಿದ ಲ್ಯಾಟಿನ್ ಸಾಲು ಇವತ್ತಿಗೂ ಓದಲು ಸಿಗುತ್ತದೆ, ಕತ್ತಲೆಯ ನಂತರ ಬೆಳಕು ಅಂತ. ಆಮೇಲೆ 13ನೇ ಲೂಯಿ ಮತ್ತು ಅವನ ಮಂತ್ರಿ ರಿಶಲ್ಯೂ ಕಾಲಕ್ಕೆ ಊರು ದಂಗೆಕೋರರ ಪಕ್ಷ ವಹಿಸಿತು. 1632, 33ರ ಹೊತ್ತಿಗೆ ಕೋಟೆಯನ್ನು ಕೆಡವಲಾಯಿತು. ಊರಿನವರಿಗೆ ದಂಡ ಹಾಕಿದರು, ಕೆಡವುವ ಖರ್ಚನ್ನೂ ಅವರ ತಲೆಗೇ ಕಟ್ಟಿದರು. ಇವತ್ತು ಪ್ರವಾಸಿಗರು ಫೋಟೋ ತೆಗೆಯುವ ಮುರುಕು ಗೋಪುರಗಳು ಆ ಶಿಕ್ಷೆಯ ಉಳಿಕೆ.

ಹತ್ತು ವರ್ಷದೊಳಗೆ ರಾಜ ಈ ಜಹಗೀರನ್ನು ಮೊನಾಕೊದ ಗ್ರಿಮಾಲ್ಡಿ ಮನೆತನಕ್ಕೆ ಕೊಟ್ಟ, ಮಾರ್ಕಿ ಎಂಬ ಬಿರುದಿನ ಜೊತೆ. ನೆಲ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಅವರ ಕೈಬಿಟ್ಟಿತು. ಬಿರುದು ಬಿಡಲಿಲ್ಲ. 2014ರಲ್ಲಿ ಹುಟ್ಟಿದ ಮೊನಾಕೊದ ಯುವರಾಜ ಝಾಕ್‌ಗೆ ಈಗ ಲೆ ಬೋದ ಮಾರ್ಕಿ ಅನ್ನುವ ಬಿರುದಿದೆ.

ಇನ್ನು ಲಾಂಛನದ ವಿಷಯ. ಕ್ರಾಂತಿಯವರು 1790ರ ಜೂನ್ 19ರಂದು ವಂಶಪಾರಂಪರ್ಯದ ಕುಲೀನತೆಯನ್ನೇ ರದ್ದು ಮಾಡಿದರು. ಬಿರುದುಗಳ ಜೊತೆ ಮನೆತನದ ಲಾಂಛನಗಳೂ ಹೋದವು. ಎಷ್ಟೋ ಕಡೆ ಬಾಗಿಲ ಮೇಲಿನ ಗುರಾಣಿಗಳನ್ನು ಉಳಿಯಿಂದ ಕೆತ್ತಿ ತೆಗೆದರು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆದರೆ ಊರುಗಳಿಗೆ ಗುರುತಿನ ಆಸೆ ಹೋಗಲಿಲ್ಲ, ಲಾಂಛನಗಳು ನಿಧಾನವಾಗಿ ಮರಳಿ ಬಂದವು. ಇವತ್ತು ಫ್ರಾನ್ಸಿನಲ್ಲಿ ಊರಿನ ಲಾಂಛನ ಏನಿರಬೇಕು ಅಂತ ತೀರ್ಮಾನಿಸುವುದು ಆ ಊರಿನ ಚುನಾಯಿತ ಸಭೆ. ರಾಜ ಬೇಕಿಲ್ಲ, ಪಾಳೆಯಗಾರ ಬೇಕಿಲ್ಲ. ಬಹಳಷ್ಟು ಊರುಗಳು ತಮ್ಮನ್ನು ಆಳಿದ ಹಳೇ ಮನೆತನದ ಗುರುತನ್ನೇ ಎತ್ತಿಕೊಂಡಿವೆ, ಲೆ ಬೋ ಕೂಡ.

ಇದನ್ನು ಗುಲಾಮಗಿರಿಯ ಪಳೆಯುಳಿಕೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೋಟೆಗೆ ಕಲ್ಲು ಹೊತ್ತವರು ಊರಿನವರು, ಮುತ್ತಿಗೆಯಲ್ಲಿ ಹಸಿದವರು ಅವರು, ಕೋಟೆ ಕೆಡವಿದ ಬಿಲ್ಲು ಕಟ್ಟಿದವರೂ ಅವರು. ಇಷ್ಟೆಲ್ಲ ತೆತ್ತ ಮೇಲೆ ಆ ನಕ್ಷತ್ರ ಯಾರ ಆಸ್ತಿ ಆಗಬೇಕು ಹೇಳಿ?

ಈ ಊರಿಗೆ ಬೇರೆ ಗುರುತು ಇಲ್ಲದೆ ಇರಲಿಲ್ಲ ಅನ್ನುವುದನ್ನೂ ನೋಡಬೇಕು. 1821ರಲ್ಲಿ ಪಿಯೆರ್ ಬೆರ್ತಿಯೇ ಎಂಬ ಭೂವಿಜ್ಞಾನಿ ಈ ಸುತ್ತಿನಲ್ಲಿ ಒಂದು ಕೆಂಪು ಕಲ್ಲನ್ನು ಪರೀಕ್ಷಿಸಿದ. ಅದರಲ್ಲಿ ಅಲ್ಯೂಮಿನಿಯಂನ ಅಂಶ ತುಂಬಾ ಇತ್ತು. ಊರ ಹೆಸರಿನಿಂದಲೇ ಆ ಅದಿರಿಗೆ ಬಾಕ್ಸೈಟ್ ಅಂತ ಹೆಸರಾಯಿತು. ಬೆಳಗಾವಿಯಲ್ಲಿ ಹಿಂಡಾಲ್ಕೊದ ಅಲ್ಯೂಮಿನಾ ಕಾರ್ಖಾನೆ ಇದೆಯಲ್ಲ, ಅಲ್ಲಿಗೆ ಲಾರಿಗಳಲ್ಲಿ ಬರುವ ಅದಿರನ್ನು ಎಲ್ಲರೂ ಬಾಕ್ಸೈಟ್ ಅಂತಲೇ ಕರೆಯುತ್ತಾರೆ. ಬಾಲ್ತಜಾರನ ಹೆಸರು ಕೇಳದವರ ಬಾಯಲ್ಲೂ ಹೀಗೆ ಆ ಬಂಡೆಯ ಹೆಸರು ದಿನಾ ಬರುತ್ತದೆ. ಬೋ ಮನೆತನದ ದೊರೆಗಳಿಗೆ ಇದನ್ನು ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ.

ಕೆಂಪು ಅದಿರು, ಬಿಳಿ ಸುಣ್ಣಕಲ್ಲು. ಕೆಂಪು ಗುರಾಣಿ, ಬಿಳಿ ನಕ್ಷತ್ರ. ಲಾಂಛನ ಈ ನೆಲದ ಬಣ್ಣಗಳನ್ನೇ ಹಿಡಿದಿಟ್ಟಿದೆ ಅಂತ ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ನಿಜಕ್ಕೂ ಇದು ಕಾಕತಾಳೀಯ. ಗುರಾಣಿಗೆ ಕೆಂಪು ಬಳಿದಾಗ ಅಲ್ಯೂಮಿನಿಯಂ ಅಂತ ಒಂದು ಲೋಹ ಇದೆ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಆದರೂ ಒಮ್ಮೆ ತಲೆಗೆ ಬಂದ ಮೇಲೆ ಈ ಹೊಂದಿಕೆ ನನ್ನ ಕಣ್ಣಿಂದ ಹೋಗುವುದಿಲ್ಲ. ಗಣಿಗಾರಿಕೆ ಅಲ್ಲಿ ನಿಂತು ಕಾಲವಾಯಿತು. ಲಾಂಛನದಲ್ಲಿ ಪಿಕಾಸಿಯನ್ನೋ ಅದಿರಿನ ಗುಡ್ಡೆಯನ್ನೋ ಸೇರಿಸಬಹುದಿತ್ತು. ಗಣಿ ಇದ್ದ ಎಷ್ಟೋ ಊರುಗಳು ಹಾಗೆ ಮಾಡಿವೆ. ಇವರು ನಕ್ಷತ್ರವನ್ನು ಮುಟ್ಟಲಿಲ್ಲ.

ಯಾಕೆ ಮುಟ್ಟಲಿಲ್ಲ ಅನ್ನುವುದಕ್ಕೆ ನನ್ನ ಉತ್ತರ ಕ್ರಿಸ್‌ಮಸ್ ರಾತ್ರಿಯಲ್ಲಿದೆ. ಲೆ ಬೋದಲ್ಲಿ ಸಂತ ವಿನ್ಸೆಂಟನ ಚರ್ಚ್ ಇದೆ. 12ನೇ ಶತಮಾನದ್ದು, ಒಂದು ಭಾಗ ಬಂಡೆಯನ್ನೇ ಕೊರೆದು ಮಾಡಿದ್ದು. ಅಲ್ಲಿ ನಡುರಾತ್ರಿಯ ಪೂಜೆಯಲ್ಲಿ ಪಾಸ್ತ್ರಾಜ್ ಎಂಬ ಸಂಪ್ರದಾಯ ನಡೆದು ಬಂದಿದೆ. ಸುತ್ತಲಿನ ಕುರಿಗಾಹಿಗಳು ದಪ್ಪ ಕಂಬಳಿಯ ನಿಲುವಂಗಿ ಹಾಕಿಕೊಂಡು ಬರುತ್ತಾರೆ. ಒಂದು ಟಗರು ಪುಟ್ಟ ಗಾಡಿಯನ್ನು ಎಳೆಯುತ್ತದೆ. ಗಾಡಿಗೆ ಎಲೆ, ಮೇಣದಬತ್ತಿಗಳ ಅಲಂಕಾರ. ಒಳಗೆ ಆಗಷ್ಟೇ ಹುಟ್ಟಿದ ಕುರಿಮರಿ. ಅದನ್ನು ಪೀಠದ ಮುಂದೆ ಒಪ್ಪಿಸುತ್ತಾರೆ. ಆಲ್ಪೀಯ್ ಸುತ್ತಮುತ್ತ ಕುರಿ ಮೇಯಿಸುವುದು ಇವತ್ತಿನ ಮಾತಲ್ಲ, ಬೇಸಿಗೆಯಲ್ಲಿ ಮಂದೆಗಳನ್ನು ಆಲ್ಪ್ಸ್ ಪರ್ವತಕ್ಕೆ ಹೊಡೆದುಕೊಂಡು ಹೋಗಿ ಚಳಿಗೆ ಮುಂಚೆ ಮರಳುವ ಬದುಕು ಅಲ್ಲಿನದು. ಹಾಗಾಗಿ ಆ ಕುರಿಮರಿ ಅವರ ಮನೆಯ ನಿಜವಾದ ಸಂಪತ್ತು.

ಈಗ ಮತ್ತೆ ಬೈಬಲಿಗೆ ಬರೋಣ. ನಕ್ಷತ್ರ, ಜೋಯಿಸರು ಬರುವುದು ಮತ್ತಾಯನಲ್ಲಿ. ಹೊಲದಲ್ಲಿ ರಾತ್ರಿ ಮಂದೆ ಕಾಯುತ್ತಿದ್ದವರು ಬರುವುದು ಲೂಕನಲ್ಲಿ. ಮತ್ತಾಯನಲ್ಲಿ ಕುರಿ ಕಾಯುವವರ ಸುದ್ದಿ ಇಲ್ಲ, ಲೂಕನಲ್ಲಿ ನಕ್ಷತ್ರದ ಸುದ್ದಿ ಇಲ್ಲ. ಕ್ರಿಸ್‌ಮಸ್ ಗೋದಲಿಯಲ್ಲಿ ನಾವು ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತೇವೆ, ಅದು ಬೇರೆ. ಲೆ ಬೋದಲ್ಲಿ ಇವರಿಬ್ಬರ ನಡುವೆ ಶತಮಾನಗಳ ಕಾಲ ಒಂದು ಗೋಡೆ ಇತ್ತು. ಮೇಲೆ ಕೋಟೆಯಲ್ಲಿ ಮತ್ತಾಯನ ನಕ್ಷತ್ರ ಇಟ್ಟುಕೊಂಡ ದೊರೆಗಳು, ಕೆಳಗೆ ಲೂಕನ ಕುರಿ ಕಾಯುವವರು. ಕೋಟೆ ಹೋಯಿತು, ದೊರೆ ಹೋದ. ಇವರು ಉಳಿದರು, ನಕ್ಷತ್ರವೂ ಇವರ ಊರಿನ ಹೆಸರಿಗೆ ಬಂತು.

ಆ ಚರ್ಚಿನ ಬಣ್ಣದ ಗಾಜಿನ ಕಿಟಕಿಗಳು 1960ರ ದಶಕದವು. ಮ್ಯಾಕ್ಸ್ ಇಂಗ್ರಾನ್ ಎಂಬ ಕಲಾವಿದ ಮಾಡಿದ್ದು, ಕೊಡುಗೆಯಾಗಿ ಕೊಟ್ಟದ್ದು ಮೊನಾಕೊದ ರಾಜ ಮೂರನೇ ರೇನಿಯೆ. ಅಂದರೆ ಬಿರುದು ಇಟ್ಟುಕೊಂಡ ಮನೆತನ ಗಾಜು ಕೊಟ್ಟಿದೆ, ಅದರ ಕೆಳಗೆ ಕುರಿಗಾಹಿಗಳು ಮರಿ ತಂದು ಒಪ್ಪಿಸುತ್ತಾರೆ. ಮಂಡಿಯೂರುವ ಕೆಲಸ ಇಲ್ಲಿ ಮಾಡುತ್ತಾ ಬಂದವರು ಇವರೇ. ರಾತ್ರಿಯೆಲ್ಲ ಬಯಲಲ್ಲಿ ಇದ್ದು ಆಕಾಶ ನೋಡಿದವರೂ ಇವರೇ. ಬಾಲ್ತಜಾರನ ವಾರಸುದಾರರು ಯಾರು ಅಂತ ನನ್ನನ್ನು ಕೇಳಿದರೆ ಗಾಡಿಯ ಹಿಂದೆ ಬರುತ್ತಿರುವ ಆ ಕಂಬಳಿಯವರನ್ನು ತೋರಿಸುತ್ತೇನೆ.